ತಂಗಿಯ ಎದುರು ಹಲ್ಲಿಗೆ ಒಬ್ಬರು 14 ಸಾವಿರ, ಇನ್ನೊಬ್ಬರು 1 ಲಕ್ಷ 20 ಸಾವಿರ ಹೇಳಿದ್ದಾರೆ. ಈ ಲೆಕ್ಕ ಹೇಗೆ?

ಬದಿಯಡ್ಕದವ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 26 ವರ್ಷ. ಶಾಲೆಯಲ್ಲಿದ್ದಾಗ ಮೈದಾನದಲ್ಲಿ ಬಿದ್ದು ಮೇಲಿನ ಎದುರು ಹಲ್ಲೊಂದರ ತುದಿ ಮುರಿದಿತ್ತು. ನೋವು ಬೇಗ ಹೋಯಿತು, ಮನೆಯಲ್ಲಿ ಅಷ್ಟಕ್ಕೇ ಬಿಟ್ಟರು. ಈಗ ಆ ಹಲ್ಲು ಬೂದು ಬಣ್ಣಕ್ಕೆ ತಿರುಗಿದೆ. ಅದಕ್ಕೂ ಪಕ್ಕದ ಹಲ್ಲಿಗೂ ನಡುವೆ ಸಣ್ಣ ಸಂದು ಕೂಡ ಇದೆ. ಸರಿ ಮಾಡಿಸಬೇಕು ಅಂತ ಹೊರಟದ್ದು ಅವಳೇ, ದುಡ್ಡು ಕೂಡ ಅವಳದ್ದೇ. ಹಾಗಾಗಿ ಬೇಕಾ ಬೇಡವಾ ಅನ್ನುವ ಚರ್ಚೆ ಇಲ್ಲಿ ಬೇಡ, ದಯವಿಟ್ಟು.

ಮೂರು ಕಡೆ ವಿಚಾರಿಸಿದ್ದೇವೆ.

ಕಾಸರಗೋಡು ಪೇಟೆಯ ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದು, ಹಲ್ಲಿನ ನರ ಸತ್ತ ಹಾಗೆ ಕಾಣುತ್ತದೆ ಅಂದರು. ರೂಟ್ ಕೆನಾಲ್ 4,000, ಹಲ್ಲಿನ ಒಳಗಿನಿಂದ ಬಿಳಿ ಮಾಡುವುದು 3,000, ಎರಡು ಹಲ್ಲಿಗೆ ಕಾಂಪೊಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಕಟ್ಟುವುದು 6,000, ಕ್ಲೀನಿಂಗ್ 1,000. ಒಟ್ಟು 14,000.

ಇನ್ನೊಂದು ಕ್ಲಿನಿಕ್‌ನಲ್ಲಿ ಎರಡೂ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಜಿರ್ಕೋನಿಯ ಕ್ಯಾಪ್ ಹಾಕುವುದು ಅಂದರು. 32,000.

ಮಂಗಳೂರಿನಲ್ಲಿ ಒಂದು ಕಡೆ 'ಸ್ಮೈಲ್ ಡಿಸೈನ್' ಅಂತ ಹೇಳಿ ಮೇಲಿನ ಎಂಟು ಹಲ್ಲಿಗೂ ವೆನೀರ್, ಹಲ್ಲೊಂದಕ್ಕೆ 15,000, ಒಟ್ಟು 1,20,000. ಇಎಂಐ ಕೂಡ ಮಾಡಿಕೊಡುತ್ತಾರಂತೆ. ಕಂಪ್ಯೂಟರಿನಲ್ಲಿ ಅವಳ ಫೋಟೋಕ್ಕೆ ಹೊಸ ಹಲ್ಲು ಕೂರಿಸಿ ತೋರಿಸಿದರು, ನೋಡಲಿಕ್ಕೆ ಚೆಂದವೇ ಇತ್ತು.

ಒಂದೇ ಬಾಯಿ, ಒಂದೇ ಹಲ್ಲು. ಇಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ? ಕಡಿಮೆ ಹೇಳಿದವರು ಕಳಪೆ ಕೆಲಸ ಮಾಡುತ್ತಾರಾ, ಜಾಸ್ತಿ ಹೇಳಿದವರು ಸುಲಿಯುತ್ತಾರಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಮಂಜೇಶ್ವರದ ಹಲ್ಲಿನ ಡಾಕ್ಟ್ರು

ಬದಿಯಡ್ಕದವರೇ, ನಾನು ಇದೇ ವೃತ್ತಿಯಲ್ಲಿದ್ದೇನೆ, ಆದ್ದರಿಂದ ಯಾವ ಕ್ಲಿನಿಕ್ ಒಳ್ಳೆಯದು ಅಂತ ಹೇಳುವುದಿಲ್ಲ. ಲೆಕ್ಕ ಮಾತ್ರ ಬಿಡಿಸುತ್ತೇನೆ.

ಅವರು ಮೂವರು ಹೇಳಿದ್ದು ಮೂರು ಬೇರೆ ಬೇರೆ ಕೆಲಸ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ರೇಟ್ ನೋಡಿದರೆ ಏನೂ ತಿಳಿಯುವುದಿಲ್ಲ. ಮೊದಲು ಕೇಳಬೇಕಾದ್ದು ಎಷ್ಟು ಹಲ್ಲು, ಯಾವ ಸಾಮಗ್ರಿ, ಮತ್ತೆ ಅವಳ ಸ್ವಂತ ಹಲ್ಲನ್ನು ಎಷ್ಟು ಕೊರೆಯುತ್ತಾರೆ ಅಂತ. ಈ ಮೂರನೆಯದ್ದನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಬೇಸರ.

ಪೆಟ್ಟು ಬಿದ್ದ ಹಲ್ಲು ವರ್ಷಗಳ ನಂತರ ಬೂದು ಆಗುವುದು ಸಾಮಾನ್ಯ. ಒಳಗಿನ ನರ ಮತ್ತು ರಕ್ತನಾಳ ಸತ್ತು, ಆ ರಕ್ತದ ಬಣ್ಣ ಹಲ್ಲಿನ ಒಳಪದರಕ್ಕೆ ಇಳಿದಿರುತ್ತದೆ. ಅಂದರೆ ಕಲೆ ಇರುವುದು ಒಳಗೆ, ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದಕ್ಕೇ ರೂಟ್ ಕೆನಾಲ್ ಮಾಡಿ, ಹಲ್ಲಿನ ಹಿಂಬದಿಯ ತೂತಿನ ಮೂಲಕ ಬಿಳಿ ಮಾಡುವ ಔಷಧ ಒಳಗಿಟ್ಟು, ಮೇಲೆ ಮುಚ್ಚಿ ಕಳಿಸುತ್ತಾರೆ. ಕೆಲವು ದಿನ ಬಿಟ್ಟು ನೋಡಿ, ಬೇಕಾದರೆ ಔಷಧ ಬದಲಿಸುತ್ತಾರೆ. ಕೊನೆಗೆ ಮುರಿದ ತುದಿಗೂ ಸಂದಿಗೂ ಕಾಂಪೊಸಿಟ್ ಕಟ್ಟಿದರೆ ಕೆಲಸ ಮುಗಿಯಿತು. ಕಾಸರಗೋಡಿನವರು ಹೇಳಿದ್ದು ಇದನ್ನೇ. ರೇಟ್ ಕಡಿಮೆ ಇರುವುದಕ್ಕೆ ಕಾರಣ ಕೆಲಸ ಕಳಪೆ ಅಂತ ಅಲ್ಲ. ಇದರಲ್ಲಿ ಲ್ಯಾಬ್ ಖರ್ಚು ಇಲ್ಲ, ಎಲ್ಲವನ್ನೂ ಡಾಕ್ಟ್ರು ಕುರ್ಚಿಯ ಪಕ್ಕದಲ್ಲೇ ಕೈಯಿಂದ ಮಾಡುತ್ತಾರೆ.

ವೆನೀರ್ ಅಂದರೆ ಹಲ್ಲಿನ ಎದುರು ಭಾಗಕ್ಕೆ ಅಂಟಿಸುವ ತೆಳುವಾದ ಪಿಂಗಾಣಿ ಚಿಪ್ಪು. ಗೋಡೆಗೆ ಟೈಲ್ಸ್ ಹಾಕಿದ ಹಾಗೆ, ಹಿಂದಿನ ಗೋಡೆ ಗಟ್ಟಿ ಇದ್ದರೆ ಮಾತ್ರ ನಿಲ್ಲುತ್ತದೆ. ಅದು ಕೂರಲು ಜಾಗ ಬೇಕಲ್ಲ, ಸಾಮಾನ್ಯವಾಗಿ ಎನಾಮೆಲ್ ಅನ್ನು, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರವನ್ನು, 0.3ರಿಂದ 0.7 ಮಿಲಿಮೀಟರಿನಷ್ಟು ತೆಗೆಯುತ್ತಾರೆ. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಒಮ್ಮೆ ಕೊರೆದ ಹಲ್ಲಿಗೆ ಆಯುಷ್ಯವಿಡೀ ಏನಾದರೊಂದು ಹೊದಿಕೆ ಬೇಕು. ಕ್ಯಾಪ್ ಆದರೆ ಇನ್ನೂ ಜಾಸ್ತಿ, ಹಲ್ಲನ್ನು ಸುತ್ತಲೂ ಕೊರೆಯಬೇಕು.

ನಿಮ್ಮ ತಂಗಿಯದ್ದು ಒಂದು ಕೆಟ್ಟ ಹಲ್ಲು, ಒಂದು ಸಂದು. ಉಳಿದ ಆರು ಹಲ್ಲು ಚೆನ್ನಾಗಿದ್ದರೆ ಅವುಗಳ ಎನಾಮೆಲ್ ತೆಗೆಯಲು ಏನು ಕಾರಣ ಅಂತ ಆ ಡಾಕ್ಟರ ಎದುರು ಕೂತು ಕೇಳಿ. ಒಂದು ಕಾರಣ ಇದೆ, ಅದನ್ನೂ ಪ್ರಾಮಾಣಿಕವಾಗಿ ಹೇಳುತ್ತೇನೆ. ಒಂದೇ ಒಂದು ಎದುರು ಹಲ್ಲಿಗೆ ಪಿಂಗಾಣಿ ಹಾಕಿ ಪಕ್ಕದ ಹಲ್ಲಿನ ಬಣ್ಣಕ್ಕೆ ಸರಿಹೊಂದಿಸುವುದು ನಮ್ಮ ಕೆಲಸದಲ್ಲಿ ತುಂಬ ಕಷ್ಟದ್ದು. ಎಲ್ಲ ಹಲ್ಲಿಗೂ ಹಾಕಿಬಿಟ್ಟರೆ ಹೊಂದಿಸುವ ತಾಪತ್ರಯವೇ ಇಲ್ಲ. ಆದರೆ ಅದು ಡಾಕ್ಟರಿಗೆ ಸುಲಭ ಆಗುವ ದಾರಿ, ಹಲ್ಲಿಗೆ ಒಳ್ಳೆಯದಾಗುವ ದಾರಿ ಅಲ್ಲ.

ಎರಡನೆಯ ಕ್ಲಿನಿಕ್ ವಿಷಯ. ಪಕ್ಕದ ಹಲ್ಲು ಜೀವಂತ ಇದ್ದರೆ ಅದಕ್ಕೆ ರೂಟ್ ಕೆನಾಲ್ ಯಾಕೆ? ಹಲ್ಲು ಜೀವ ಇದೆಯಾ ಇಲ್ಲವಾ ಅಂತ ನೋಡಲು ತಣ್ಣನೆಯ ವಸ್ತು ತಾಗಿಸಿ ನೋಡುವ ಪರೀಕ್ಷೆ ಇದೆ, ಸಣ್ಣ ಕರೆಂಟ್ ಕೊಟ್ಟು ನೋಡುವ ಯಂತ್ರವೂ ಇದೆ. ಅದನ್ನು ಮಾಡಿದ್ದಾರಾ ಕೇಳಿ. ಮಾಡದೆ ಒಳ್ಳೆಯ ಹಲ್ಲಿನ ನರ ತೆಗೆಯಲು ಒಪ್ಪಬೇಡಿ.

ಉಪ್ಪಳ ಲ್ಯಾಬ್

ನಾನು ಮಂಗಳೂರಿನ ಒಂದು ಡೆಂಟಲ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಕ್ಯಾಪ್ ಮತ್ತು ವೆನೀರ್ ತಯಾರಿಸುವುದೇ ಕೆಲಸ. ಜನ ನಮ್ಮನ್ನು ನೋಡುವುದೇ ಇಲ್ಲ, ಆದರೆ ಬಿಲ್ಲಿನ ಒಂದು ಭಾಗ ನಮಗೆ ಬರುತ್ತದೆ.

ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪ್ ಎಲ್ಲಕ್ಕಿಂತ ಅಗ್ಗ. ಗಟ್ಟಿ ಇದೆ, ದವಡೆ ಹಲ್ಲಿಗೆ ಏನೂ ತೊಂದರೆ ಇಲ್ಲ. ಎದುರು ಹಲ್ಲಿಗೆ ಹಾಕಿದರೆ ಕೆಲವು ವರ್ಷದಲ್ಲಿ ವಸಡು ಸ್ವಲ್ಪ ಮೇಲೆ ಸರಿದು ಬುಡದಲ್ಲಿ ಕಪ್ಪು ಗೆರೆ ಕಾಣಲು ಶುರುವಾಗುತ್ತದೆ. ಜಿರ್ಕೋನಿಯದಲ್ಲಿ ಲೋಹ ಇಲ್ಲ, ಅದು ಬಿಳಿ. ಅದನ್ನು ಸೀಮೆಸುಣ್ಣದಷ್ಟು ಮೆದು ಇರುವಾಗಲೇ ಯಂತ್ರದಲ್ಲಿ ಕೊರೆದು, ಆಮೇಲೆ ಸುಮಾರು 1,500 ಡಿಗ್ರಿ ಶಾಖದಲ್ಲಿ ಸುಡುತ್ತೇವೆ. ಸುಟ್ಟಾಗ ಸುಮಾರು 20 ಶೇಕಡಾ ಕುಗ್ಗುತ್ತದೆ, ಹಾಗಾಗಿ ಮೊದಲೇ ದೊಡ್ಡದಾಗಿ ಕೊರೆಯಬೇಕು. ಈ ಯಂತ್ರ, ಕುಲುಮೆ, ಸಾಫ್ಟ್‌ವೇರ್ ಎಲ್ಲದರ ಖರ್ಚು ರೇಟಿಗೆ ಸೇರುತ್ತದೆ.

ಎದುರು ಹಲ್ಲಿನ ವೆನೀರ್‌ಗೆ ಹೆಚ್ಚಾಗಿ ಇ-ಮ್ಯಾಕ್ಸ್ ಬಳಸುತ್ತಾರೆ. ಅದು ಲಿಥಿಯಂ ಡೈಸಿಲಿಕೇಟ್ ಅನ್ನುವ ಗಾಜಿನಂಥ ಪಿಂಗಾಣಿ, ಬೆಳಕು ಒಳಗೆ ಹೋಗಿ ಬರುತ್ತದೆ, ಆದ್ದರಿಂದ ನಿಜ ಹಲ್ಲಿನ ಹಾಗೆ ಕಾಣುತ್ತದೆ. ಆದರೆ ಬೆಳಕು ಹೋಗುತ್ತದೆ ಅಂದರೆ ಹಿಂದಿರುವ ಬೂದು ಹಲ್ಲಿನ ಬಣ್ಣವೂ ಇಣುಕುತ್ತದೆ! ಅದನ್ನು ಮುಚ್ಚಲು ನಾವು ದಪ್ಪ ಮಾಡಬೇಕು, ದಪ್ಪ ಮಾಡಲು ಡಾಕ್ಟ್ರು ಇನ್ನಷ್ಟು ಕೊರೆಯಬೇಕು. ಹಾಗಾಗಿ ಒಳಗಿನಿಂದ ಮೊದಲು ಬಿಳಿ ಮಾಡಿಸಿ ಅಂತ ಮೇಲೆ ಡಾಕ್ಟ್ರು ಹೇಳಿದ್ದು ಸರಿಯಾಗಿದೆ. ಮುಂದೆ ಯಾವತ್ತಾದರೂ ವೆನೀರ್ ಹಾಕಿಸುವುದಾದರೂ ಇದು ಮೊದಲ ಹೆಜ್ಜೆಯೇ.

ಒಂದೇ ಹೆಸರಿನ ವಸ್ತುವಿಗೆ ಎರಡು ರೇಟ್ ಇರುವುದಕ್ಕೆ ಇನ್ನೊಂದು ಕಾರಣ, ಕೈಕೆಲಸ. ಒಂದೇ ಬಣ್ಣದ ಪಿಂಗಾಣಿ ತುಂಡಿನಿಂದ ಕೊರೆದು ಪಾಲಿಶ್ ಮಾಡಿ ಕೊಟ್ಟರೆ ಬೇಗ ಆಗುತ್ತದೆ. ಪದರ ಪದರವಾಗಿ ಪಿಂಗಾಣಿ ಇಟ್ಟು, ತುದಿಯಲ್ಲಿ ಸ್ವಲ್ಪ ಪಾರದರ್ಶಕ, ಬುಡದಲ್ಲಿ ಸ್ವಲ್ಪ ಹಳದಿ ಬರುವ ಹಾಗೆ ಮಾಡಲು ಒಬ್ಬ ಅನುಭವಿಯ ಅರ್ಧ ದಿನ ಹೋಗುತ್ತದೆ. ಎರಡನ್ನೂ ಬಿಲ್ಲಿನಲ್ಲಿ 'ಸೆರಾಮಿಕ್' ಅಂತಲೇ ಬರೆಯುತ್ತಾರೆ.

ಜಿರ್ಕೋನಿಯ ಹಾಕಿಸಿದರೆ ವಾರಂಟಿ ಕಾರ್ಡ್ ಕೇಳಿ. ಅದರಲ್ಲಿ ಬ್ರ್ಯಾಂಡ್ ಮತ್ತು ಸೀರಿಯಲ್ ನಂಬರ್ ಇರುತ್ತದೆ. ಆದರೆ ಆ ವಾರಂಟಿ ಕ್ಯಾಪಿಗೆ ಮಾತ್ರ. ಮುರಿದರೆ ಹೊಸ ಕ್ಯಾಪ್ ಪುಕ್ಕಟೆ ಬರಬಹುದು, ಅದನ್ನು ತೆಗೆದು ಮತ್ತೆ ಕೂರಿಸುವ ಡಾಕ್ಟರ ಫೀಸು ಬೇರೆ. ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಕುಂಬಳೆ ಅಕ್ಕ

ನಾನು ಆರು ಹಲ್ಲಿಗೆ ವೆನೀರ್ ಹಾಕಿಸಿಕೊಂಡವಳು. ನನ್ನ ಎನಾಮೆಲ್ ಹುಟ್ಟಿನಿಂದಲೇ ಸರಿಯಾಗಿ ಕೂಡಿರಲಿಲ್ಲ, ಹಲ್ಲಿನ ಮೇಲೆಲ್ಲ ಗುಳಿ ಮತ್ತು ಕಂದು ಬಣ್ಣ ಇತ್ತು. ಹಾಗಾಗಿ ನನಗೆ ಅದು ಸರಿಯಾದ ಕೆಲಸವೇ, ಖುಷಿ ಇದೆ, ಯಾರಿಗೂ ಬೇಡ ಅನ್ನುವುದಿಲ್ಲ. ಆದರೆ ತಮ್ಮಾ, ಬೋರ್ಡಿನಲ್ಲಿ ಬರೆದ ರೇಟ್ ಮೊದಲನೇ ಕಂತು ಅಂತ ತಿಳಿದುಕೋ.

ಪಿಂಗಾಣಿ ವೆನೀರ್ 10ರಿಂದ 15 ವರ್ಷ ಬರುತ್ತದೆ ಅಂತ ಹೇಳುತ್ತಾರೆ. ಕೆಲವರಿಗೆ ಇನ್ನೂ ಜಾಸ್ತಿ, ಕೆಲವರಿಗೆ ಮೊದಲೇ ಬಿರುಕು. ನಿನ್ನ ತಂಗಿಗೆ 26. ಈಗ ಎಂಟು ಹಾಕಿಸಿದರೆ 40ರ ಹೊತ್ತಿಗೆ ಒಮ್ಮೆ ಬದಲಿಸಬೇಕು, 55ರ ಹೊತ್ತಿಗೆ ಇನ್ನೊಮ್ಮೆ. ಈಗಿನ ರೇಟಿನಲ್ಲೇ ಮೂರು ಸಲ ಅಂದರೆ 3,60,000 ಆಯಿತು, ಮುಂದೆ ರೇಟ್ ಏರುವುದನ್ನು ಸೇರಿಸದೆಯೇ. ಕಾಂಪೊಸಿಟ್ ಅಷ್ಟು ಬಾಳುವುದಿಲ್ಲ, ಐದಾರು ವರ್ಷಕ್ಕೆ ಬಣ್ಣ ಕುಂದುತ್ತದೆ, ಅಂಚು ಒಡೆಯುತ್ತದೆ. ಆದರೆ ಒಡೆದ ಕಡೆಗೆ ಮಾತ್ರ ಮತ್ತೆ ಕಟ್ಟಬಹುದು, ಪೂರ್ತಿ ತೆಗೆಯಬೇಕಾಗಿಲ್ಲ. ನನ್ನ ವೆನೀರ್‌ನಲ್ಲಿ ಒಂದು ಒಡೆದರೆ ಆ ಹಲ್ಲಿಗೆ ಹೊಸತೇ ಆಗಬೇಕು.

ಇನ್ನು ಯಾರೂ ಮೊದಲು ಹೇಳದ ಸಣ್ಣ ಸಣ್ಣ ಖರ್ಚು. ನನಗೆ ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದೆ, ಅದಕ್ಕೆ ಮಲಗುವಾಗ ಹಾಕಿಕೊಳ್ಳುವ ಪ್ಲಾಸ್ಟಿಕ್ ಗಾರ್ಡ್ ಬೇಕಾಯಿತು, ಅದು ಎಸ್ಟಿಮೇಟ್‌ನಲ್ಲಿ ಇರಲಿಲ್ಲ. ವಸಡು ಊದಿದ್ದರಿಂದ ಮೊದಲು ಅದರ ಚಿಕಿತ್ಸೆ ಆಗಬೇಕಾಯಿತು. ಅಂಟಿಸುವ ತನಕ ಇರುವ ತಾತ್ಕಾಲಿಕ ಹಲ್ಲಿಗೂ ಬೇರೆ ದುಡ್ಡು. ತಿನ್ನುವುದರಲ್ಲೂ ಜಾಗ್ರತೆ ಬೇಕು. ಚಕ್ಕುಲಿ, ಒಣ ಕೊಬ್ಬರಿ ಎಲ್ಲ ಎದುರು ಹಲ್ಲಿನಿಂದ ಕಚ್ಚುವುದಿಲ್ಲ, ಮುರಿದು ಬದಿಯಲ್ಲಿ ಹಾಕಿಕೊಳ್ಳುತ್ತೇನೆ.

ನನಗೆ ತುಂಬ ಉಪಯೋಗ ಆದದ್ದು ಒಂದು. ಕೊರೆಯುವ ಮೊದಲೇ ನನ್ನ ಹಲ್ಲಿನ ಮೇಲೆ ಹಲ್ಲಿನ ಬಣ್ಣದ ವಸ್ತು ಇಟ್ಟು ಹೊಸ ಆಕಾರ ಹೇಗೆ ಕಾಣುತ್ತದೆ ಅಂತ ತೋರಿಸಿದರು. ಮಾಕ್ ಅಪ್ ಅನ್ನುತ್ತಾರೆ. ಕನ್ನಡಿಯಲ್ಲಿ ನೋಡಿ, ಮಾತಾಡಿ, 'ಫ, ವ' ಸರಿಯಾಗಿ ಬರುತ್ತದಾ ನೋಡಿ, ಉದ್ದ ಆಯಿತು ಅಂತ ಕಡಿಮೆ ಮಾಡಿಸಿಕೊಂಡೆ. ಕಂಪ್ಯೂಟರಿನ ಫೋಟೋ ನೋಡಿ ತೀರ್ಮಾನ ಮಾಡಬೇಡಿ, ಬಾಯಿಯಲ್ಲಿಟ್ಟು ತೋರಿಸಿ ಅಂತ ಕೇಳಿ.

ಪೆರ್ಲ ತೋಟ

ಇಷ್ಟೆಲ್ಲ ಖರ್ಚು ಯಾಕೆ, ಆನ್‌ಲೈನಲ್ಲಿ ಇದ್ದಿಲಿನ ಪುಡಿ ಸಿಗುತ್ತದಲ್ಲ, 300 ರೂಪಾಯಿಗೆ. ನಿಂಬೆಹುಳಿ ಮತ್ತು ಸೋಡಾ ಪುಡಿಯೂ ಒಳ್ಳೆಯದು ಅಂತ ಕೇಳಿದ್ದೇನೆ.

ಮಂಜೇಶ್ವರದ ಹಲ್ಲಿನ ಡಾಕ್ಟ್ರು

ಪೆರ್ಲದವರೇ, ಬೇಡ. ನಿಂಬೆಯ ಹುಳಿ ಎನಾಮೆಲ್ ಅನ್ನು ಕರಗಿಸುತ್ತದೆ, ಇದ್ದಿಲ ಪುಡಿ ಅದನ್ನು ಉಜ್ಜಿ ಸವೆಸುತ್ತದೆ. ಎನಾಮೆಲ್ ತೆಳುವಾದಷ್ಟೂ ಅದರ ಹಿಂದಿನ ಹಳದಿ ಪದರ ಜಾಸ್ತಿ ಕಾಣುತ್ತದೆ, ಅಂದರೆ ಹಲ್ಲು ಇನ್ನೂ ಹಳದಿಯೇ ಆಗುತ್ತದೆ, ಜುಮ್ ಅನ್ನುವುದು ಬೇರೆ. ಎಲೆಯಡಿಕೆ, ಚಹಾ, ಬೀಡಿಯ ಕಲೆ ಹೊರಗಿನದ್ದು. ಅದಕ್ಕೆ ಕ್ಲಿನಿಕ್‌ನಲ್ಲಿ ಒಂದು ಕ್ಲೀನಿಂಗ್ ಸಾಕು, 1,000ದ ಆಸುಪಾಸಿನ ಕೆಲಸ. ನಮ್ಮ ಕಡೆ ಹಲ್ಲು ಬಿಳಿ ಮಾಡಿಸಲು ಬರುವ ಎಷ್ಟೋ ಜನರಿಗೆ ಕ್ಲೀನಿಂಗ್ ಆದ ಮೇಲೆ ಬೇರೇನೂ ಬೇಕಾಗುವುದಿಲ್ಲ.

ಅದರ ನಂತರವೂ ಬಿಳಿ ಬೇಕು ಅನ್ನುವವರಿಗೆ ಎರಡು ದಾರಿ ಇದೆ. ಕ್ಲಿನಿಕ್‌ನಲ್ಲಿ 35 ಶೇಕಡಾ ಆಸುಪಾಸಿನ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಒಂದೇ ಸಲಕ್ಕೆ ಮಾಡುವುದು. ಇಲ್ಲವಾದರೆ ಹಲ್ಲಿನ ಅಳತೆಯ ಟ್ರೇ ಮಾಡಿಸಿ, ಅದಕ್ಕೆ 10ರಿಂದ 16 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ಮನೆಯಲ್ಲಿ ರಾತ್ರಿ ಇಟ್ಟುಕೊಳ್ಳುವುದು. ಕ್ಲಿನಿಕ್‌ನದ್ದು ದುಬಾರಿ, ಬೇಗ ಆಗುತ್ತದೆ. ಟ್ರೇ ನಿಧಾನ, ಆದರೆ ಟ್ರೇ ನಿಮ್ಮ ಹತ್ತಿರವೇ ಉಳಿಯುತ್ತದೆ, ಮುಂದೆ ಜೆಲ್ ಮಾತ್ರ ತಂದರೆ ಸಾಕು. ಖರ್ಚು ನೋಡುವವರಿಗೆ ನಾನು ಟ್ರೇಯನ್ನೇ ಹೇಳುತ್ತೇನೆ. ಎರಡೂ ಶಾಶ್ವತ ಅಲ್ಲ.

ಬದಿಯಡ್ಕದವರೇ, ಇದು ನಿಮಗೂ ಬೇಕಾದ ವಿಷಯ. ಪಿಂಗಾಣಿಯೂ ಕಾಂಪೊಸಿಟ್ಟೂ ಈ ಔಷಧದಿಂದ ಬಿಳಿ ಆಗುವುದಿಲ್ಲ. ಆದ್ದರಿಂದ ತಂಗಿಗೆ ಎಲ್ಲ ಹಲ್ಲೂ ಸ್ವಲ್ಪ ಬಿಳಿ ಬೇಕು ಅಂತ ಆಸೆ ಇದ್ದರೆ ಅದು ಮೊದಲು ಆಗಬೇಕು. ಆಮೇಲೆ ಸುಮಾರು ಎರಡು ವಾರ ಬಿಟ್ಟು ಕಾಂಪೊಸಿಟ್ ಕಟ್ಟಬೇಕು, ತಕ್ಷಣ ಕಟ್ಟಿದರೆ ಸರಿಯಾಗಿ ಅಂಟುವುದಿಲ್ಲ, ಬಣ್ಣವೂ ಇನ್ನೂ ನಿಂತಿರುವುದಿಲ್ಲ. ಕ್ರಮ ತಿರುಗುಮುರುಗು ಆದರೆ ಕಟ್ಟಿದ್ದನ್ನು ತೆಗೆದು ಮತ್ತೆ ಕಟ್ಟಬೇಕು, ಅಲ್ಲಿಗೆ ಎರಡು ಸಲ ದುಡ್ಡು.

ಶಾರ್ಜಾ ಕಾಸ್ರೋಡು

ನಾನು ರಜೆಯಲ್ಲಿ ಊರಿಗೆ ಬರುವವನಿದ್ದೇನೆ. ಇಲ್ಲಿ ಹಲ್ಲಿನ ಕೆಲಸ ತುಂಬ ದುಬಾರಿ, ಹಾಗಾಗಿ ಎಲ್ಲರೂ ಊರಲ್ಲೇ ಮಾಡಿಸುತ್ತಾರೆ. ಎರಡು ವಾರದಲ್ಲಿ ಮೇಲಿನ ಹಲ್ಲೆಲ್ಲ ಮುಗಿಸಿ ಕೊಡುತ್ತೇವೆ ಅಂತ ಒಂದು ಕಡೆ ಹೇಳಿದ್ದಾರೆ. ಆಗುತ್ತದಾ ಡಾಕ್ಟ್ರೇ?

ಮಂಜೇಶ್ವರದ ಹಲ್ಲಿನ ಡಾಕ್ಟ್ರು

ವೆನೀರ್ ಮಾತ್ರ ಆದರೆ ಲ್ಯಾಬ್ ಹತ್ತಿರ ಇದ್ದರೆ ಆಗುತ್ತದೆ. ಆದರೆ ವಸಡಿನಲ್ಲಿ ರಕ್ತ ಬರುತ್ತಿದ್ದರೆ ಅದು ವಾಸಿ ಆಗಲು ಸಮಯ ಬೇಕು, ಊದಿದ ವಸಡಿನ ಅಳತೆ ತೆಗೆದರೆ ಅಂಚು ಕೂರುವುದಿಲ್ಲ. ಕಚ್ಚುವಾಗ ಎಲ್ಲಾದರೂ ಎತ್ತರ ಆದರೆ ಅದು ಗೊತ್ತಾಗುವುದು ಒಂದೆರಡು ವಾರ ಊಟ ಮಾಡಿದ ಮೇಲೆ, ಆಗ ನೀವು ವಿಮಾನ ಹತ್ತಿ ಆಗಿರುತ್ತದೆ. ಶಾರ್ಜಾದಲ್ಲಿ ಸರಿ ಮಾಡಿಸಲು ಹೋದರೆ ಊರಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ. ರಜೆಯ ಮೊದಲ ದಿನವೇ ಬನ್ನಿ. ಎಕ್ಸ್‌ರೇ ಮತ್ತು ಫೋಟೋ ಮುಂಚಿತವಾಗಿ ಕಳಿಸಿ ಕೆಲಸ ಎಷ್ಟು ಅಂತ ತಿಳಿದುಕೊಳ್ಳಿ. ಇಂಪ್ಲಾಂಟ್ ಬೇಕಾದರೆ ಒಂದು ರಜೆಯಲ್ಲಿ ಮೂಳೆಗೆ ಸ್ಕ್ರೂ ಹಾಕಿಸಿ ಮುಂದಿನ ರಜೆಯಲ್ಲಿ ಕ್ಯಾಪ್ ಹಾಕಿಸುವವರು ನಮ್ಮಲ್ಲಿ ತುಂಬ ಜನ ಇದ್ದಾರೆ, ಮೂಳೆ ಕೂಡಿಕೊಳ್ಳಲು ಹೇಗೂ ಕೆಲವು ತಿಂಗಳು ಬೇಕು.

ಬದಿಯಡ್ಕದವ

ಎಲ್ಲರಿಗೂ ತುಂಬ ಧನ್ಯವಾದ. ತಂಗಿಗೂ ಓದಿ ಹೇಳಿದೆ. ಇನ್ನು ದುಡ್ಡಿನ ಪ್ರಶ್ನೆ. ಹೆಲ್ತ್ ಇನ್ಶೂರೆನ್ಸ್ ಇದೆ, ಅದರಲ್ಲಿ ಸಿಗುತ್ತದಾ? 'ಬಡ್ಡಿ ಇಲ್ಲದ ಇಎಂಐ' ನಿಜವಾಗಿ ಬಡ್ಡಿ ಇಲ್ಲದ್ದಾ? ಮತ್ತೆ ನಾಳೆ ಏನಾದರೂ ತಪ್ಪಾದರೆ, ಮಂಗಳೂರಿನಲ್ಲಿ ಮಾಡಿಸಿದ್ದಕ್ಕೆ ನಾವು ಕೇರಳದವರು ಎಲ್ಲಿ ದೂರು ಕೊಡಬೇಕು?

ಮುಳ್ಳೇರಿಯ ಮಾಷ್ಟ್ರು

ಬಳಕೆದಾರರ ವಿಷಯದಲ್ಲಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತೇನೆ.

ಇನ್ಶೂರೆನ್ಸ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಸಾಮಾನ್ಯ ಆರೋಗ್ಯ ಪಾಲಿಸಿಗಳಲ್ಲಿ ಅಂದಕ್ಕಾಗಿ ಮಾಡುವ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ. ನಿಮ್ಮ ಪಾಲಿಸಿ ಕಾಗದದಲ್ಲಿ 'ಎಕ್ಸ್‌ಕ್ಲೂಷನ್ 08' ಅನ್ನುವ ಸಾಲು ನೋಡಿ, ಅದೇ ಅದು. ಹಲ್ಲಿನ ಚಿಕಿತ್ಸೆ ಹೆಚ್ಚಿನ ಪಾಲಿಸಿಗಳಲ್ಲಿ ಅಪಘಾತವಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಸಿಗುತ್ತದೆ. ಶಾಲೆಯ ಕಾಲದ ಪೆಟ್ಟಿಗೆ ಈಗ ಕ್ಲೇಮ್ ಸಿಗುವುದು ಕಷ್ಟ. ಹೊರರೋಗಿ ಚಿಕಿತ್ಸೆಗೂ ಕೊಡುವ ಪಾಲಿಸಿ ಆಗಿದ್ದರೆ ರೂಟ್ ಕೆನಾಲ್ ಮತ್ತು ಎಕ್ಸ್‌ರೇ ಮಟ್ಟಿಗೆ ಏನಾದರೂ ಸಿಗಬಹುದು, ಕೇಳಿ ನೋಡಿ.

ಆದರೂ ಡಾಕ್ಟರ ಚೀಟಿಯಲ್ಲಿ 'ಬಿದ್ದು ಮುರಿದ ಹಲ್ಲು, ನರ ಸತ್ತಿದೆ' ಅಂತ ಇರುವುದನ್ನು ಇರುವ ಹಾಗೆ ಬರೆಸಿಕೊಳ್ಳಿ. ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅಂದಕ್ಕಾಗಿ ಮಾಡುವ ಸರ್ಜರಿಗೆ ಆ ವಿನಾಯಿತಿ ಇಲ್ಲ, ಆದರೆ ಪೆಟ್ಟಿನಿಂದ ಕೆಟ್ಟದ್ದನ್ನು ಮೊದಲಿನ ಹಾಗೆ ಮಾಡುವುದಕ್ಕೆ ಮತ್ತೆ ವಿನಾಯಿತಿ ಉಂಟು. ಬಿಲ್ಲಿನಲ್ಲಿ ತೆರಿಗೆ ಸೇರಿಸಿದರೆ ಯಾವುದಕ್ಕೆ ಅಂತ ಕೇಳುವ ಹಕ್ಕು ನಿಮಗಿದೆ.

ಇಎಂಐ ಬಗ್ಗೆ ಒಂದೇ ಪ್ರಶ್ನೆ ಕೇಳಿ. ಇವತ್ತೇ ಪೂರ್ತಿ ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ? ಅವರು ಕಡಿಮೆ ಮಾಡುವ ಮೊತ್ತವೇ ನಿಮ್ಮ ಬಡ್ಡಿ. ಅದರ ಮೇಲೆ ಪ್ರೊಸೆಸಿಂಗ್ ಫೀಸು ಇರುತ್ತದೆ. ಇನ್ನೊಂದು ಅಪಾಯ, ಸಾಲ ಕೊಡುವುದು ಬೇರೆ ಫೈನಾನ್ಸ್ ಕಂಪನಿ. ಚಿಕಿತ್ಸೆ ಮಧ್ಯದಲ್ಲಿ ನಿಂತರೂ, ಕ್ಲಿನಿಕ್ ಬಾಗಿಲು ಹಾಕಿದರೂ ಕಂತು ನಿಮ್ಮ ಖಾತೆಯಿಂದ ಹೋಗುತ್ತಲೇ ಇರುತ್ತದೆ. ಸಾಧ್ಯವಾದರೆ ಕೆಲಸ ಆದ ಹಾಗೆ ಹಂತ ಹಂತವಾಗಿ ದುಡ್ಡು ಕೊಡಿ. ಪೂರ್ತಿ ಮುಂಗಡ ಕೊಡಲೇಬೇಡಿ.

ದೂರಿನ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕಿತ್ಸೆ ಮಂಗಳೂರಿನಲ್ಲಿ ಆದರೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ತಲಪಾಡಿ ಗಡಿ ದಾಟಿ ಅಲೆಯಬೇಕಾಗಿಲ್ಲ. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ದುಡ್ಡು ಪಡೆದು ಚಿಕಿತ್ಸೆ ಮಾಡುವ ವೈದ್ಯರು ಗ್ರಾಹಕ ಕಾನೂನಿನ ಒಳಗೆ ಬರುತ್ತಾರೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಆದರೆ ಕಾಗದ ಇಲ್ಲದಿದ್ದರೆ ಯಾವ ಆಯೋಗವೂ ಏನೂ ಮಾಡಲಾರದು. ಆದ್ದರಿಂದ ಶುರುವಿಗೆ ಮೊದಲೇ ಬರೆದ ಎಸ್ಟಿಮೇಟ್ ತೆಗೆದುಕೊಳ್ಳಿ. 'ಸ್ಮೈಲ್ ಡಿಸೈನ್ 1,20,000' ಅಂತ ಒಂದೇ ಸಾಲಿನಲ್ಲಿ ಬರೆದು ಕೊಟ್ಟದ್ದು ಎಸ್ಟಿಮೇಟ್ ಅಲ್ಲ. ಯಾವ ಹಲ್ಲು, ಯಾವ ಬ್ರ್ಯಾಂಡ್, ಯಾವ ಬಣ್ಣದ ನಂಬರ್, ತಾತ್ಕಾಲಿಕ ಹಲ್ಲು ಸೇರಿದೆಯಾ, ಒಡೆದರೆ ಎಷ್ಟು ಸಮಯದ ತನಕ ಪುಕ್ಕಟೆ, ಎಲ್ಲ ಬೇಕು. ಚಿಕಿತ್ಸೆಗೆ ಮೊದಲಿನ ಫೋಟೋ ಮತ್ತು ಎಕ್ಸ್‌ರೇ ಪ್ರತಿ ನಿಮ್ಮ ಫೋನಿನಲ್ಲಿರಲಿ. ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯ ಪ್ರಕಾರ ಕ್ಲಿನಿಕ್‌ಗಳು ದರಪಟ್ಟಿಯನ್ನು ಕಾಣುವ ಹಾಗೆ ಹಾಕಬೇಕು, ಕೇಳಲು ಸಂಕೋಚ ಬೇಡ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಓದಿ ಅರ್ಥ ಆಗದೆ ಸಹಿ ಹಾಕಬೇಡಿ. ಕನ್ನಡದಲ್ಲಿ ಬಿಡಿಸಿ ಹೇಳಿ ಅಂತ ಕೇಳಿ. ನಮ್ಮ ಜಿಲ್ಲೆಯಲ್ಲಿ ಅದು ಅತಿಯಾದ ಬೇಡಿಕೆ ಏನಲ್ಲ.

ಪೊವ್ವಲ್ ರಸ್ತೆ

ಯಾರೂ ಹೇಳಲಿಲ್ಲ ಅಂತ ಸೇರಿಸುತ್ತೇನೆ. ಡೆಂಟಲ್ ಕಾಲೇಜುಗಳನ್ನು ನೋಡಿದ್ದೀರಾ? ನಮ್ಮ ಸುತ್ತಮುತ್ತ ಇಷ್ಟು ಕಾಲೇಜು ಇರುವುದು ನಮ್ಮ ಭಾಗ್ಯ. ಪೊಯಿನಾಚಿಯಲ್ಲಿ ಒಂದು ಇದೆ. ದೇರಳಕಟ್ಟೆಯಲ್ಲಿ ಎರಡು. ಮಂಗಳೂರು ಪೇಟೆಯಲ್ಲಿ ಮಣಿಪಾಲದವರದ್ದು. ನಿಮಗೆ ಜಾಲ್ಸೂರು ಮೇಲೆ ಸುಳ್ಯಕ್ಕೂ ಹೋಗಬಹುದು, ಅಲ್ಲಿ ಕೆವಿಜಿ ಕಾಲೇಜು. ತೆಂಕಕ್ಕೆ ಹೋದರೆ ಪರಿಯಾರಂನಲ್ಲಿ ಸರಕಾರಿ ಕಾಲೇಜೇ ಇದೆ. ವಿದ್ಯಾರ್ಥಿಗಳು ಪ್ರೊಫೆಸರ್ ನೋಡುತ್ತಿರುವ ಹಾಗೆ ಕೆಲಸ ಮಾಡುತ್ತಾರೆ, ಖಾಸಗಿ ಕ್ಲಿನಿಕ್‌ಗಿಂತ ತುಂಬ ಕಡಿಮೆ ರೇಟ್. ಸಮಯ ಜಾಸ್ತಿ ಬೇಕು, ಸರದಿಯಲ್ಲಿ ಕಾಯಬೇಕು, ಒಂದೇ ಕೆಲಸಕ್ಕೆ ಮತ್ತೆ ಮತ್ತೆ ಹೋಗಬೇಕು. ದಿನಗೂಲಿಯವರಿಗೆ ಬಸ್ಸಿನ ದುಡ್ಡು ಮತ್ತು ಹೋದ ಕೂಲಿ ಸೇರಿಸಿದರೆ ಲಾಭ ಕಡಿಮೆ ಅನಿಸಬಹುದು, ಅದನ್ನೂ ಲೆಕ್ಕ ಹಾಕಿ.

ಹೋದರೆ ಎದುರು ಹಲ್ಲಿನ ಕೆಲಸವನ್ನು ಎಂಡಿಎಸ್ (ಹಲ್ಲಿನ ವೈದ್ಯರ ಸ್ನಾತಕೋತ್ತರ ಪದವಿ) ಓದುತ್ತಿರುವವರ ಹತ್ತಿರ ಮಾಡಿಸಿ. ಕ್ಯಾಪ್, ಹಲ್ಲು ಸೆಟ್ಟಿಗೆ ಪ್ರೊಸ್ತೊಡಾಂಟಿಕ್ಸ್ ವಿಭಾಗ. ರೂಟ್ ಕೆನಾಲ್ ಮತ್ತು ಬಿಳಿ ಮಾಡುವುದಕ್ಕೆ ಕನ್ಸರ್ವೇಟಿವ್ ವಿಭಾಗ. ಕ್ಲಿಪ್ ಹಾಕಿ ಸಂದು ಮುಚ್ಚಲು ಆರ್ಥೊ. ಮಾಡಿಸದಿದ್ದರೂ ಎರಡನೇ ಅಭಿಪ್ರಾಯಕ್ಕೆ ಹೋಗಿ ಬನ್ನಿ, ಅಲ್ಲಿ ಯಾರಿಗೂ ವೆನೀರ್ ಮಾರಬೇಕಾದ ಅವಸರ ಇರುವುದಿಲ್ಲ.

ಇನ್ನು ಮನೆಯಲ್ಲಿ 60 ದಾಟಿದ, ಬಿಪಿಎಲ್ ಕಾರ್ಡಿನ ಹಿರಿಯರು ಇದ್ದರೆ, ಕೇರಳ ಸಾಮಾಜಿಕ ನ್ಯಾಯ ಇಲಾಖೆಯ 'ಮಂದಹಾಸಂ' ಯೋಜನೆಯಲ್ಲಿ ಹಲ್ಲು ಸೆಟ್ ಪುಕ್ಕಟೆ ಸಿಗುತ್ತದೆ. ಇಲ್ಲಿನ ಪ್ರಶ್ನೆಗೆ ಸಂಬಂಧ ಇಲ್ಲ, ಆದರೆ ನಮ್ಮ ಕನ್ನಡದ ಮನೆಗಳಲ್ಲಿ ತುಂಬ ಜನರಿಗೆ ಇದು ಗೊತ್ತೇ ಇಲ್ಲ.

ಬದಿಯಡ್ಕದವ

ಕಾಲೇಜಿಗೆ ಹೋಗಿ ತೋರಿಸಿ ಬಂದೆವು. ತಣ್ಣನೆ ತಾಗಿಸಿ ನೋಡಿದರು. ಬೂದು ಹಲ್ಲಿನ ನರ ಸತ್ತಿದೆ, ಬೇರಿನ ತುದಿಯಲ್ಲಿ ಸಣ್ಣ ಸೋಂಕು ಕೂಡ ಎಕ್ಸ್‌ರೇಯಲ್ಲಿ ಕಂಡಿತು. ಪಕ್ಕದ ಹಲ್ಲು ಪೂರ್ತಿ ಜೀವಂತ, ಅದರ ನರ ಮುಟ್ಟುವ ಅಗತ್ಯವೇ ಇಲ್ಲ ಅಂದರು. ತಂಗಿ ಕಾಸರಗೋಡಿನ ಕ್ಲಿನಿಕ್‌ನಲ್ಲೇ ಮಾಡಿಸುವುದು ಅಂತ ತೀರ್ಮಾನ ಮಾಡಿದ್ದಾಳೆ, ಕೆಲಸದಿಂದ ಬರುವಾಗ ಹೋಗಿ ಬರಬಹುದು ಅಂತ. ಎಸ್ಟಿಮೇಟ್ ಬರೆಸಿಕೊಂಡಿದ್ದೇವೆ, ಅವರು ಬೇಸರ ಮಾಡದೆ ಬರೆದುಕೊಟ್ಟರು. ಡಾಕ್ಟ್ರೇ, ಕೊನೆಯದಾಗಿ ಒಂದು. ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಹಾಕಲೇಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಬೇಡವಾ?

ಮಂಜೇಶ್ವರದ ಹಲ್ಲಿನ ಡಾಕ್ಟ್ರು

ದವಡೆ ಹಲ್ಲಿಗೆ ಹೆಚ್ಚಾಗಿ ಬೇಕು, ಅದರ ಮೇಲೆ ಜಗಿಯುವ ಭಾರ ಬೀಳುತ್ತದೆ. ಎದುರು ಹಲ್ಲಿನಲ್ಲಿ ಸ್ವಂತ ಹಲ್ಲು ಜಾಸ್ತಿ ಉಳಿದಿದ್ದರೆ ಹಿಂಬದಿಯ ತೂತನ್ನು ಚೆನ್ನಾಗಿ ತುಂಬಿದರೆ ಸಾಕು. ತುದಿ ಮಾತ್ರ ಮುರಿದ ಹಲ್ಲಿಗೆ ನಾನಾದರೂ ಕ್ಯಾಪ್ ಹಾಕುವುದಿಲ್ಲ. ಒಳಗಿನಿಂದ ಬಿಳಿ ಮಾಡುವ ಮೊದಲು ಬೇರಿನ ಬಾಯಿಗೆ ಒಂದು ಸಿಮೆಂಟ್ ಪದರ ಹಾಕುತ್ತಾರಾ ಅಂತ ಕೇಳಿ, ಔಷಧ ಕೆಳಗೆ ಇಳಿದು ಬೇರಿಗೆ ತೊಂದರೆ ಆಗದ ಹಾಗೆ ಅದು ತಡೆಯುತ್ತದೆ. ಕೆಲವು ವರ್ಷದಲ್ಲಿ ಬಣ್ಣ ಸ್ವಲ್ಪ ಮರಳಬಹುದು, ಆಗ ಮತ್ತೆ ಒಳಗಿನಿಂದಲೇ ಮಾಡಬಹುದು. ಆರು ತಿಂಗಳಿಗೊಮ್ಮೆ ಆ ಬೇರಿನ ಎಕ್ಸ್‌ರೇ ತೆಗೆಸಿ ಸೋಂಕು ವಾಸಿ ಆಗುತ್ತಿದೆಯಾ ನೋಡಿ, ಅದರ ಖರ್ಚನ್ನು ಈಗಲೇ ಎಸ್ಟಿಮೇಟ್‌ನಲ್ಲಿ ಬರೆಸಿ.